ಅಲಗು ಅವರದ್ದು, ಹಿಡಿ ನನ್ನದು

ರೇಪಿಯರ್, ಅಂದರೆ 16, 17ನೇ ಶತಮಾನದ ಯುರೋಪಿನ ಉದ್ದನೆಯ ಚುಚ್ಚುಗತ್ತಿ, ಬಲು ಹಗುರ ಅಂತಲೇ ನಾನು ನಂಬಿದ್ದೆ. ಸಿನಿಮಾದಲ್ಲಿ ನೋಡಿದ್ದೇ ಹಾಗೆ ಅಲ್ವಾ? ಟೋಪಿಗೆ ಗರಿ ಸಿಕ್ಕಿಸಿಕೊಂಡವರು ಮೇಜಿನ ಮೇಲೆ ಹಾರಿ ಸೂಜಿಯಂಥ ಕತ್ತಿ ಝಳಪಿಸುತ್ತಾರೆ. ಹಾಗಾಗಿ ಕಮ್ಮಾರರು ಗೋಡೆಯಿಂದ ಒಂದನ್ನು ಇಳಿಸಿ ಕೈಗೆ ಕೊಟ್ಟಾಗ ನನ್ನ ಮಣಿಕಟ್ಟು ಒಂದು ಸಲ ಕೆಳಗೆ ಜಗ್ಗಿತು. ತಕ್ಕಡಿಗೆ ಹಾಕಿದರೆ 1 ಕೆಜಿ 150 ಗ್ರಾಂ. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಜಾಸ್ತಿ. ಕವಚ ತೊಟ್ಟ ಸೈನಿಕರು ರೇಪಿಯರಿಗೂ ಮೊದಲು ಬಳಸುತ್ತಿದ್ದ ಒಂಟಿಗೈ ಕತ್ತಿಗಳೂ ಹೆಚ್ಚುಕಡಿಮೆ ಇಷ್ಟೇ ತೂಗುತ್ತವೆ. ನಿಜವಾಗಿ ಹಗುರವಾದ, ಅರ್ಧ ಕೆಜಿಯ ಆಸುಪಾಸಿನ ಕತ್ತಿ ಬಂದದ್ದು ಆಮೇಲೆ, 17ನೇ ಶತಮಾನ ಮುಗಿಯುವ ಹೊತ್ತಿಗೆ.

"ಈಗ ಮೊನೆಯನ್ನು ಆ ಮೊಳೆಗೆ ತೋರಿಸು" ಅಂದರು.

ಗೋಡೆಯಲ್ಲಿ ಒಂದು ಮೊಳೆ ಇತ್ತು. ತೋರಿಸಿದೆ. ಒಂದು ಮೀಟರಿಗಿಂತ ಉದ್ದದ ಅಲಗಿನ ತುದಿ ಹೋಗಿ ಮೊಳೆಯ ತಲೆಯ ಎದುರಿಗೇ ನಿಂತಿತು. ತೋಳು ಅಲ್ಲಾಡಿಸಬೇಕಿರಲಿಲ್ಲ, ಬೆರಳು ಮಿಸುಕಿದರೆ ಮೊನೆ ಮಿಸುಕುತ್ತಿತ್ತು. ಹಾಗಾದರೆ ತೂಕ ಎಲ್ಲಿಗೆ ಹೋಯಿತು?

ಎಲ್ಲೂ ಹೋಗಿರಲಿಲ್ಲ. ನನ್ನ ಮುಷ್ಟಿಯ ಸುತ್ತಲೇ ಇತ್ತು. ಉದ್ದ ಕೋಲಿನ ಪೊರಕೆಯನ್ನು ಕೋಲಿನ ತುದಿಯಲ್ಲಿ ಹಿಡಿದು ಎತ್ತಿ ನೋಡಿ, ಕೈ ನೋಯುತ್ತದೆ. ಅದೇ ಪೊರಕೆಯನ್ನು ತಿರುಗಿಸಿ ಕಡ್ಡಿಗಳ ಹತ್ತಿರ ಹಿಡಿಯಿರಿ, ಕೋಲಿನ ತುದಿಯಿಂದ ಜೇಡರ ಬಲೆಯ ಒಂದೊಂದೇ ಎಳೆ ತೆಗೆಯಬಹುದು. ರೇಪಿಯರಿನ ಗುಟ್ಟು ಇಷ್ಟೇ. ಬೆರಳ ಮೇಲೆ ಅಡ್ಡಲಾಗಿ ಇಟ್ಟರೆ ಹಿಡಿಯಿಂದ ಮುಂದಕ್ಕೆ ಎಂಟು ಹತ್ತು ಸೆಂಟಿಮೀಟರಿನಲ್ಲೇ ಅದು ತೂಗಿ ನಿಲ್ಲುತ್ತದೆ. ಅಷ್ಟೊಂದು ಕಬ್ಬಿಣ ಹಿಡಿಯಲ್ಲೇ ಇದೆ. ನಾನು ಅದನ್ನೆಲ್ಲ ಅಲಂಕಾರ ಅಂದುಕೊಂಡಿದ್ದೆ.

ಇಷ್ಟಕ್ಕೂ ನಾನು ಅಲ್ಲಿಗೆ ಹೋಗಿದ್ದೇಕೆ ಅಂದರೆ, ನಮ್ಮ ಮನೆ ಜರ್ಮನಿಯಲ್ಲಿ, ಸೋಲಿಂಗನ್ ಊರಿಗೆ ಹತ್ತಿರ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಸೋಲಿಂಗನ್ ಅಂದರೆ ಚಾಕು, ಕತ್ತರಿ, ಕ್ಷೌರದ ಕತ್ತಿಯ ಊರು. ಸುತ್ತ ವುಪ್ಪರ್ ಅನ್ನೋ ನದಿ ಹರಿಯುತ್ತದೆ. ಅದರ ನೀರಿನಿಂದ ಚಕ್ರ ತಿರುಗಿಸಿ ಸಾಣೆ ಹಿಡಿಯುತ್ತಿದ್ದ ಹಳೇ ಮನೆಗಳು ಒಂದೆರಡು ಇನ್ನೂ ಉಳಿದಿವೆ. ಗ್ರೇಫ್ರಾತ್ ಅನ್ನೋ ಭಾಗದಲ್ಲಿ ಹಳೇ ಮಠದ ಕಟ್ಟಡವೊಂದರಲ್ಲಿ ಬರೀ ಅಲಗುಗಳದೇ ಮ್ಯೂಸಿಯಂ ಇದೆ. ಒಂದು ಮಳೆಗಾಲದ ಭಾನುವಾರ ಬೇರೇನೂ ತೋಚದೆ ಅಲ್ಲಿಗೆ ಹೋದೆ. ಹೆಂಡತಿ ಅರ್ಧ ಗಂಟೆಯಲ್ಲಿ ಹೊರಗೆ ಬಂದು ಕಾಫಿ ಕುಡಿದಳು. ನಾನು ಬಾಗಿಲು ಹಾಕುವವರೆಗೂ ಅಲ್ಲೇ ಇದ್ದೆ. ಆಮೇಲೆ ಶನಿವಾರಗಳಲ್ಲಿ ಆಸಕ್ತರಿಗೆ ಕುಲುಮೆ ಬಿಟ್ಟುಕೊಡುವ ಕಮ್ಮಾರರೊಬ್ಬರು ಸಿಕ್ಕರು. ಎಪ್ಪತ್ತು ದಾಟಿದವರು, ಮಾತು ಕಮ್ಮಿ. "ಮೊದಲು ಒಂದು ಚಾಕು ಮಾಡು" ಅಂದರು. ಮಾಡಿದೆ. "ಇನ್ನೊಂದು ಮಾಡು" ಅಂದರು. ಆರನೆಯದರ ಹೊತ್ತಿಗೆ ರೇಪಿಯರ್ ಅನ್ನೋ ಮಾತು ತೆಗೆದೆ. ನಕ್ಕರು, ಆದರೆ ಬೇಡ ಅನ್ನಲಿಲ್ಲ.

ಹಿಡಿಯ ಕಥೆಯನ್ನು ಮೊದಲು ಹೇಳುತ್ತೇನೆ. ನನಗೆ ಅದೇ ಇಷ್ಟ.

ಸ್ಪೇನಿನಲ್ಲಿ ಈ ಜಾತಿಯ ಕತ್ತಿಗೆ 15ನೇ ಶತಮಾನದಲ್ಲೇ 'ಎಸ್ಪಾದಾ ರೊಪೆರಾ' ಅನ್ನುತ್ತಿದ್ದರು. ಉಡುಪಿನ ಜೊತೆ ಹಾಕಿಕೊಳ್ಳುವ ಕತ್ತಿ ಅಂತ ಅರ್ಥ. ಯುದ್ಧಕ್ಕಲ್ಲ, ಪೇಟೆಗೆ ಹೋಗುವಾಗ, ಚರ್ಚಿಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ರೇಪಿಯರಿನ ಅಷ್ಟೂ ಸೊಬಗು ಹುಟ್ಟಿದ್ದು ಈ ಒಂದು ಸಂಗತಿಯಿಂದ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಸೈನಿಕನ ಕೈಗೆ ಕಬ್ಬಿಣದ ಕೈಗವಸು ಇರುತ್ತಿತ್ತು. ಪೇಟೆಗೆ ಹೊರಟವನ ಕೈ ಬರಿಗೈ. ಜಗಳ ಬಿದ್ದರೆ ಎದುರಾಳಿಗೆ ಎಲ್ಲಕ್ಕಿಂತ ಹತ್ತಿರ ಇರುವುದೇ ಆ ಬರಿಗೈ.

ಅದರ ಮೇಲೆ ಒಂದು ಅಭ್ಯಾಸ ಬೇರೆ. ಮೊನೆ ಹೇಳಿದ ಮಾತು ಕೇಳಲಿ ಅಂತ ತೋರುಬೆರಳನ್ನು ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯ ಮುಂದಕ್ಕೆ ದಾಟಿಸಿ, ಅಲಗಿನ ಬುಡಕ್ಕೆ ಸುತ್ತಿ ಹಿಡಿಯುತ್ತಿದ್ದರು. ಹಿಡಿತ ಚೆನ್ನಾಗಿ ಬಂತು, ಬೆರಳು ಹೋಗುವ ಅಪಾಯವೂ ಬಂತು. ಆ ಬೆರಳಿಗೆ ಒಂದು ಕಬ್ಬಿಣದ ಬಳೆ ಸುತ್ತಿದರು. ಒಂದೇ ಕಡೆ ಇದ್ದರೆ ಚೆನ್ನಾಗಿರಲ್ಲ, ಇನ್ನೊಂದು ಕಡೆಗೂ ಬಳೆ. ಎದುರಿನ ಅಲಗು ಪಕ್ಕದಿಂದ ಜಾರಿ ಬಂದರೆ? ಪಕ್ಕಕ್ಕೊಂದು ದೊಡ್ಡ ಬಳೆ. ಗೆಣ್ಣುಗಳಿಗೆ ಪೆಟ್ಟು ಬಿದ್ದರೆ? ಮುಂದೊಂದು ಬಿಲ್ಲು. ಬಿಲ್ಲಿನಿಂದ ಬಳೆಗೆ ಓರೆಯಾಗಿ ಒಂದು ಸರಳು, ಒಳಗಡೆ ಹೆಬ್ಬೆರಳ ಹತ್ತಿರ ಮತ್ತೆರಡು. ಹೀಗೆ ನೂರು ವರ್ಷದಲ್ಲಿ ಮುಷ್ಟಿಯ ಸುತ್ತ ಒಂದು ಬಳ್ಳಿ ಬೆಳೆಯಿತು. ಮುಂದೆ ಸ್ಪೇನಿನವರು ಬಳೆಗಳನ್ನೆಲ್ಲ ಮುಚ್ಚಿ ಒಂದು ಬಟ್ಟಲನ್ನೇ ಕೂರಿಸಿಬಿಟ್ಟರು. ಕೈ ಉಳಿಸುವ ಜಾಣತನ ಅದು, ಕಣ್ಣಿಗೆ ನನಗಂತೂ ಬಳ್ಳಿಯೇ ಚೆಂದ.

ಇಟಲಿಯ ಚಿತ್ರಗಾರ ಕಾರವಾಜಿಯೊ ಬರೆದ ಸಂತ ಕ್ಯಾಥರೀನಳ ಚಿತ್ರ ಮ್ಯಾಡ್ರಿಡ್ಡಿನಲ್ಲಿದೆ. ಅದರಲ್ಲಿ ಅವಳ ಕೈಯಲ್ಲೊಂದು ರೇಪಿಯರ್ ಇದೆ. ಅದರ ಬಳೆಗಳ ಮೇಲೆ ಬೆಳಕು ಬಿದ್ದ ಬಗೆ ನೋಡಿದರೆ ಬರೆದವನಿಗೆ ಈ ವಸ್ತು ಕೈಯಲ್ಲಿ ಹಿಡಿದು ಗೊತ್ತಿತ್ತು ಅನ್ನಿಸುತ್ತದೆ. ಗೊತ್ತಿತ್ತು ಕೂಡ. ಪರವಾನಗಿ ಇಲ್ಲದೆ ಕತ್ತಿ ಹಿಡಿದು ತಿರುಗಿದ್ದಕ್ಕೆ ಅವನು ಸಿಕ್ಕಿಬಿದ್ದಿದ್ದ. 1606ರ ಮೇ ತಿಂಗಳಲ್ಲಿ ರೋಮಿನಲ್ಲಿ ಒಬ್ಬನನ್ನು ಕೊಂದು ಊರು ಬಿಟ್ಟು ಓಡಿದ. ಆ 1606 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಕಮ್ಮಾರರು ಅಲಗಿಗೆ ಹದ ಹಾಕುವ ಮೊದಲೇ ಹಿಡಿ ಮಾಡಿಸಿದರು. ಅಲಗು ಮೆತ್ತಗಿರುವಾಗ ಹೊಂದಿಸಿಕೊಳ್ಳುವುದು ಸುಲಭ. ಬಳೆಗಳನ್ನು ಕೂಡಿಸುವುದು ಬೆಸುಗೆಯಿಂದ, ಅದೂ ಕುಲುಮೆಯ ಬೆಸುಗೆ. ಎರಡು ಸರಳಿನ ತುದಿಗಳನ್ನು ಕಾಯಿಸುತ್ತಾ ಹೋಗಬೇಕು. ಕೆಂಪು, ಕಿತ್ತಳೆ, ಹಳದಿ ದಾಟಿ ಬಿಳುಪಿಗೆ ತಿರುಗುವಾಗ ಮೈಮೇಲೆ ತುಪ್ಪ ಸವರಿದ ಹಾಗೆ ಕಾಣುತ್ತದೆ. ಬಿಳಿಗಾರದ ಪುಡಿ ಉದುರಿಸಿದರೆ ಅದು ಕರಗಿ, ತುಕ್ಕಿನ ಪೊರೆಯನ್ನು ತೊಳೆದುಕೊಂಡು ಹರಿಯುತ್ತದೆ. ಆಗ ಅಡಿಗಲ್ಲಿನ ಮೇಲೆ ತಂದು ಪುಟ್ಟ ಪುಟ್ಟ ಏಟು. ಜೋರಾಗಿ ಹೊಡೆದರೆ ಜಾರುತ್ತದೆ. ಒಂದು ಕ್ಷಣ ಜಾಸ್ತಿ ಕಾಯಿಸಿದರೆ ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಕಿಡಿ ಕಾರುತ್ತಾ ಕಬ್ಬಿಣವೇ ಉರಿದುಹೋಗುತ್ತದೆ. ನಾನು ನಾಲ್ಕು ಸರಳು ಸುಟ್ಟೆ. ಕೊನೆಗೆ ಎರಡು ಬೆಸುಗೆ ನನ್ನವು, ಉಳಿದವು ಅವರವು. ಯಾವುದು ಯಾವುದು ಅಂತ ನೋಡಿದವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತು.

ಬೆರಳ ಬಳೆಯಲ್ಲಿ ಒಂದು ಪೆದ್ದುತನ ಮಾಡಿದೆ. ಬೆರಳನ್ನು ನೆಟ್ಟಗೆ ಚಾಚಿಕೊಂಡು ಅಳತೆ ತೆಗೆದುಕೊಂಡಿದ್ದೆ. ಬೆರಳು ಸಲೀಸಾಗಿ ಒಳಗೆ ಹೋಯಿತು. ಮಡಚಿದೆ, ಗೆಣ್ಣು ಉಬ್ಬಿ ಸಿಕ್ಕಿಕೊಂಡಿತು. ಸೋಪು ಹಚ್ಚಿ ತೆಗೆಯಬೇಕಾಯಿತು. ಅವರು ಏನೂ ಅನ್ನಲಿಲ್ಲ, ಬಳೆಯನ್ನು ಮತ್ತೆ ಕುಲುಮೆಗೆ ಹಾಕು ಅಂತ ಗದ್ದದಲ್ಲೇ ತೋರಿಸಿದರು.

ಆಮೇಲೆ ಅರ. ಅರ ಹಾಕುವುದು, ಮತ್ತೆ ಅರ ಹಾಕುವುದು. ಕುಲುಮೆ ಕೆಲಸದ ಫೋಟೋ ಎಲ್ಲರೂ ಹಾಕುತ್ತಾರೆ, ಕಿಡಿ ಹಾರುತ್ತದಲ್ಲ. ಅರ ಹಾಕುವ ಫೋಟೋ ಯಾರೂ ಹಾಕುವುದಿಲ್ಲ. ಬಡಿದದ್ದು ಒಂದು ಗಂಟೆಯಾದರೆ ಉಜ್ಜಿದ್ದು ಹತ್ತು ಗಂಟೆ. ದುಂಡು ಅರ ಬಳೆಯ ಒಳಗೆ, ಚಪ್ಪಟೆ ಅರ ಹೊರಗೆ, ಒರಟಿನಿಂದ ನಯಕ್ಕೆ. ಸೋಮವಾರ ಆಫೀಸಿನಲ್ಲಿ ಮೌಸ್ ಹಿಡಿದರೆ ಬೆರಳ ತುದಿ ಚುರುಗುಟ್ಟುತ್ತಿತ್ತು.

ಕೊನೆಗೆ ಮುಷ್ಟಿಗೆ ಬರುವ ಮರ, ಅದರ ಮೇಲೆ ತಂತಿ. ಇದನ್ನೊಂದು ಹತ್ತಿರದಿಂದ ಹೇಳಲೇಬೇಕು. ಎರಡು ತೆಳು ತಂತಿಗಳನ್ನು ಜೋಡಿಸಿ ಬಲಕ್ಕೆ ಹೊಸೆಯಬೇಕು. ಇನ್ನೆರಡನ್ನು ಎಡಕ್ಕೆ. ನಮ್ಮಜ್ಜಿ ತೊಡೆ ಮೇಲೆ ಹೂಬತ್ತಿ ಹೊಸೆಯುತ್ತಿದ್ದರಲ್ಲ, ಅದೇ ಲೆಕ್ಕ, ಇಲ್ಲಿ ಕೈ ಡ್ರಿಲ್ಲಿನಲ್ಲಿ. ಆಮೇಲೆ ಬಲದ್ದು, ಎಡದ್ದು, ಬಲದ್ದು, ಎಡದ್ದು ಅಂತ ಅಕ್ಕಪಕ್ಕ ಬಿಗಿಯಾಗಿ ಸುತ್ತುತ್ತಾ ಹೋದರೆ ಗೋಧಿ ತೆನೆಯ ಹಾಗೆ ಒಂದು ನೇಯ್ಗೆ ಏಳುತ್ತದೆ. ಎರಡು ತುದಿಗೂ ರುಮಾಲು ಸುತ್ತಿದಂಥ ಗಂಟು. ನೋಡಲು ಸೊಗಸು ಹೌದು, ಆದರೆ ಒದ್ದೆ ಕೈ ಜಾರದಿರಲಿ ಅಂತಲೇ ಅದು ಅಷ್ಟು ತರಿತರಿ.

ಇನ್ನು ಅಲಗು.

ಇಲ್ಲಿ ಯುರೋಪಿನವರು ವೂಟ್ಜ್ ಅಂತ ಕರೆದ ನಮ್ಮ ಕಡೆಯ ಹಳೇ ಉಕ್ಕಿನ ಕಥೆ ಹೇಳಲು ಕೈ ತುರಿಸುತ್ತಿದೆ. ಹೇಳುವುದಿಲ್ಲ. ಯಾಕೆಂದರೆ ನನ್ನ ಉಕ್ಕು ಲಾರಿಯ ಪ್ಲೇಟ್ ಸ್ಪ್ರಿಂಗಿನ ಜಾತಿಯದ್ದು. ನೂರು ಪಾಲಿನಲ್ಲಿ ಅರ್ಧ ಪಾಲು ಇಂಗಾಲ, ಒಂದು ಪಾಲು ಕ್ರೋಮಿಯಂ, ಚಿಟಿಕೆ ವನೇಡಿಯಂ. ನಮ್ಮೂರ ಕಮ್ಮಾರರೂ ಲಾರಿ ಸ್ಪ್ರಿಂಗಿನಲ್ಲೇ ಮಚ್ಚು ಬಡಿಯುತ್ತಾರೆ. ಹಿಂದೆ ಕತ್ತಿಗೆ ಹೆಸರಾದ ಸ್ಪೇನಿನ ತೊಲೆದೊ ಊರಿನಲ್ಲಿ ಮೆತ್ತನೆ ಕಬ್ಬಿಣವನ್ನು ನಡುವೆ ಇಟ್ಟು ಎರಡೂ ಕಡೆ ಉಕ್ಕು ಬೆಸೆಯುತ್ತಿದ್ದರು. ನಡುವಿನದಕ್ಕೆ 'ಆಲ್ಮಾ' ಅಂತ ಹೆಸರು, ಅಂದರೆ ಆತ್ಮ. ನನ್ನದಕ್ಕೆ ಆತ್ಮ ಇರಲಿಲ್ಲ, ಬರೀ ದೇಹ.

ಬುಡದಲ್ಲಿ ಎರಡೂಕಾಲು ಸೆಂಟಿಮೀಟರ್ ಅಗಲ, ಆರು ಮಿಲಿಮೀಟರ್ ದಪ್ಪ. ಅಲ್ಲಿಂದ ಮೊನೆಯವರೆಗೆ ಅಗಲವೂ ಸಣ್ಣದಾಗಬೇಕು, ದಪ್ಪವೂ ಎರಡು ಮೂರು ಮಿಲಿಮೀಟರಿಗೆ ಇಳಿಯಬೇಕು. ಒಂದೇ ಸಮನೆ ಇಳಿಯಬೇಕು, ಎಲ್ಲೂ ಮೆಟ್ಟಿಲು ಬೀಳಬಾರದು. ಒಂದು ಮೀಟರ್ ಉದ್ದಕ್ಕೂ ಸುತ್ತಿಗೆ ಅದೇ ಲಯದಲ್ಲಿ ನಡೆಯಬೇಕು. ಉದ್ದ ಸ್ವಲ್ಪ ಕಮ್ಮಿ ಮಾಡೋಣವಾ ಅಂತ ಕೇಳಿದ್ದಕ್ಕೆ ಅವರು ಎಲಿಜಬೆತ್ ರಾಣಿಯ ಕಥೆ ಹೇಳಿದರು. ಲಂಡನ್ನಿನಲ್ಲಿ ನಿನಗಿಂತ ನಂದು ಉದ್ದ ಅನ್ನುವ ಪೈಪೋಟಿ ಎಷ್ಟು ಹೆಚ್ಚಿತೆಂದರೆ, ಅಲಗು ಒಂದು ಗಜ ಮತ್ತು ಅರ್ಧ ಕಾಲು ಗಜ, ಅಂದರೆ ಸುಮಾರು 103 ಸೆಂಟಿಮೀಟರ್ ಮೀರಬಾರದು ಅಂತ 1580ರಲ್ಲಿ ರಾಣಿ ಆಜ್ಞೆ ಹೊರಡಿಸಬೇಕಾಯಿತು. ನಾನು ರಾಣಿಯ ಮಾತು ಮೀರಲಿಲ್ಲ. ಸರಿಯಾಗಿ ಒಂದು ಮೀಟರಿಗೆ ನಿಲ್ಲಿಸಿದೆ.

ಬಡಿಯುವಾಗ ಒಂದು ಗೇಣಷ್ಟು ಕಾದರೆ ಸಾಕು. ಹದ ಹಾಕುವಾಗ ಹಾಗಲ್ಲ. ಅಷ್ಟೂ ಉದ್ದ ಒಂದೇ ಬಣ್ಣಕ್ಕೆ, 840 ಡಿಗ್ರಿಯ ಆಸುಪಾಸಿಗೆ ಬರಬೇಕು. ಆಮೇಲೆ ನೆಟ್ಟಗೆ ನಿಲ್ಲಿಸಿದ ಎಣ್ಣೆ ಕೊಳವೆಯೊಳಗೆ ಒಂದೇ ಸಲಕ್ಕೆ, ಓರೆಯಾಗದ ಹಾಗೆ ಇಳಿಸಬೇಕು. ಓರೆಯಾದರೆ ಬಾಳೆ ಎಲೆ ಬಾಡಿದ ಹಾಗೆ ತಿರುಚಿಕೊಳ್ಳುತ್ತದೆ. ದೀಪ ಆರಿಸಿದರು. ಕತ್ತಲಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ. ನಾನು ಅಲಗನ್ನು ಹಿಂದೆ ಮುಂದೆ ಆಡಿಸುತ್ತಿದ್ದೆ. ಬುಡದ ಕಡೆ ಒಂದು ಕಡೆ ಸ್ವಲ್ಪ ಜಾಸ್ತಿ ಹಳದಿ ಇತ್ತು. ಕಂಡಿತು, ಆದರೆ ಮೊನೆ ಇನ್ನೂ ಕೆಂಪಗಿತ್ತು, ಅದೂ ಬರಲಿ ಅಂತ ಕಾದೆ. ಅರ್ಧ ನಿಮಿಷ ಇರಬಹುದು. ಎತ್ತಿ ಎಣ್ಣೆಗಿಳಿಸಿದೆ.

ಟಿಣ್.

ಚಮಚ ಲೋಟಕ್ಕೆ ತಗುಲಿದಂಥ ಸದ್ದು, ಅಷ್ಟೇ. ಕಮ್ಮಾರರು ನನ್ನ ಮುಖ ನೋಡಲಿಲ್ಲ, ಕಿಟಕಿ ಕಡೆ ನೋಡಿದರು. ಹೊರಗೆ ತೆಗೆದಾಗ ಬುಡದಿಂದ ಒಂದು ಗೇಣು ಮೇಲೆ ಕೂದಲೆಳೆಯಷ್ಟು ಗೆರೆ. ಅಡಿಗಲ್ಲಿನ ಅಂಚಿಗೆ ಸುಮ್ನೆ ತಾಕಿಸಿದರು, ಎರಡು ತುಂಡಾಯಿತು. ಮುರಿದ ಮುಖವನ್ನು ನನ್ನ ಕಡೆ ತಿರುಗಿಸಿ ದೀಪ ಹಚ್ಚಿದರು. ಒಳಗೆ ಬನ್ಸಿ ರವೆ. ನಿಜವಾಗಿ, ಬನ್ಸಿ ರವೆಯ ಹಾಗೆ ಮಿರಮಿರ ಹೊಳೆಯುವ ಕಾಳು ಕಾಳು. ಮೈದಾ ಹಿಟ್ಟಿನ ಹಾಗೆ ನಯವಾಗಿ, ಬೂದಿ ಬಣ್ಣಕ್ಕೆ ಇರಬೇಕಿತ್ತು. ಜಾಸ್ತಿ ಕಾದರೆ ಉಕ್ಕಿನ ಒಳಗಿನ ಹರಳು ದಪ್ಪವಾಗುತ್ತದೆ, ಹರಳು ದಪ್ಪವಾದಷ್ಟೂ ಉಕ್ಕು ಗಾಜಾಗುತ್ತದೆ. ಆ ಅರ್ಧ ನಿಮಿಷ ನನ್ನ ಕೈಯಲ್ಲಿತ್ತು.

ಎರಡು ಶನಿವಾರ ನಾನು ಹೋಗಲಿಲ್ಲ.

ಮೂರನೇ ಶನಿವಾರ ಅವರೇ ಫೋನ್ ಮಾಡಿದರು. "ಹಿಡಿ ಚೆನ್ನಾಗಿದೆ. ನನ್ನ ಹತ್ತಿರ ಹದ ಹಾಕಿದ ಅಲಗೊಂದು ಇದೆ. ಬಂದು ಕೂರಿಸು" ಅಂದರು. ನನಗೆ ಮನಸ್ಸಿರಲಿಲ್ಲ. ಅವರ ಅಲಗು ಹಾಕಿದ ಮೇಲೆ ಅದು ನನ್ನ ಕತ್ತಿ ಹೇಗಾಗುತ್ತದೆ? ಅಡಿಗೆ ಮಾಡಿದ್ದು ಇನ್ನೊಬ್ಬರು, ಒಗ್ಗರಣೆ ಮಾತ್ರ ನನ್ನದು ಅಂದ ಹಾಗೆ. ಇದನ್ನೇ ಹೇಳಿದೆ, ಒಗ್ಗರಣೆ ಬಿಟ್ಟು. ಅವರು ಕಂಪ್ಯೂಟರಿನಲ್ಲಿ ಒಂದು ಫೋಟೋ ತೋರಿಸಿದರು. ಸ್ಯಾಕ್ಸನಿಯ ದೊರೆ ಎರಡನೇ ಕ್ರಿಸ್ಟಿಯನ್‌ನ ರೇಪಿಯರ್, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಹಿಡಿಯ ತುಂಬ ಚಿನ್ನದ ನೀರು, ಮೀನಾಕಾರಿ, ಹರಳು, ಪುಟ್ಟ ಪುಟ್ಟ ಬೊಂಬೆಗಳು. ಹಿಡಿ ಮಾಡಿದವನು ಡ್ರೆಸ್ಡನ್ನಿನ ಇಸ್ರೇಲ್ ಶೂಯೆಖ್. ಅಲಗು ತೊಲೆದೊದ ಹುವಾನ್ ಮಾರ್ತಿನೆಸ್‌ದು. ಇಸವಿ 1606. ರೋಮಿನಲ್ಲಿ ಒಬ್ಬ ಚಿತ್ರಗಾರ ರಕ್ತದ ಕೈ ಹೊತ್ತು ಓಡಿದ ವರ್ಷವೇ ಡ್ರೆಸ್ಡನ್ನಿನಲ್ಲಿ ಇದು ತಯಾರಾಯಿತು.

ಸ್ಪೇನಿನ ಅಲಗು, ಜರ್ಮನಿಯ ಹಿಡಿ. ಇದು ದೊರೆಯ ಶೋಕಿ ಮಾತ್ರ ಅಲ್ಲ. ಸೋಲಿಂಗನ್ನಿನಲ್ಲೂ ಬಡಿಯುವವರು ಬೇರೆ, ಹದ ಹಾಕಿ ಸಾಣೆ ಹಿಡಿಯುವವರು ಬೇರೆ, ಹಿಡಿ ಕೂರಿಸುವವರು ಬೇರೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವ ಹಾಗಿರಲಿಲ್ಲ. ಇಲ್ಲಿಂದ ಅಲಗುಗಳು ಯುರೋಪಿನ ತುಂಬ ಹೋಗುತ್ತಿದ್ದವು, ಆಯಾ ಊರಿನವರು ತಮಗೆ ಬೇಕಾದ ಹಿಡಿ ಹಾಕಿಕೊಳ್ಳುತ್ತಿದ್ದರು. ಸೋಲಿಂಗನ್ನಿನವರು ಸಾಧುಗಳೇನಲ್ಲ. ತಮ್ಮ ಅಲಗಿನ ಮೇಲೆ ತೊಲೆದೊ ಅಂತ, ಹೆಸರುವಾಸಿ ಸ್ಪೇನ್ ಕಮ್ಮಾರರ ಹೆಸರು ಅಂತ ಕೆತ್ತಿ ಮಾರುತ್ತಿದ್ದರು. ಡುಪ್ಲಿಕೇಟ್ ಮಾಲಿನ ಕಥೆ ಹೊಸದಲ್ಲ.

ಆಗ ನನಗೆ ನಮ್ಮ ಕಡೆಯ ಫಿರಂಗಿ ನೆನಪಾಯಿತು. ಕನ್ನಡದಲ್ಲಿ ಈಗ ಫಿರಂಗಿ ಅಂದರೆ ತೋಪು. ಹಣ್ಣಾದರೆ ಪರಂಗಿ. ಎರಡೂ ಪರದೇಶದವರ ಜೊತೆ ಬಂದದ್ದು ಅಂತ ಹೆಸರಿನಲ್ಲೇ ಹೇಳುತ್ತವೆ. ದಖನಿನಲ್ಲಿ ಇದೇ ಹೆಸರಿನ ಕತ್ತಿಯೂ ಇತ್ತು. 16, 17ನೇ ಶತಮಾನದಲ್ಲಿ ಪೋರ್ಚುಗೀಸರ ಬಂದರುಗಳ ದಾರಿಯಲ್ಲಿ ಯುರೋಪಿನ ನೆಟ್ಟಗಿನ ಅಲಗುಗಳು ಬಂದಿಳಿಯುತ್ತಿದ್ದವು. ನಮ್ಮವರು ಅಲಗು ಇಟ್ಟುಕೊಂಡು ಹಿಡಿ ತಮ್ಮದೇ ಹಾಕಿದರು. ಅಗಲ ಬುಟ್ಟಿಯಂಥ ಹಿಡಿ, ಒಳಗೆ ಮೆತ್ತೆ, ಹಿಂದೆ ಒಂದು ಕಬ್ಬಿಣದ ಕೋಡು. ಬೇಕೆಂದಾಗ ಇನ್ನೊಂದು ಕೈ ಆ ಕೋಡನ್ನು ಹಿಡಿಯುತ್ತದೆ. ಅವರಿಗೆ ಚುಚ್ಚುವುದು ಮುಖ್ಯ, ನಮಗೆ ಬೀಸುವುದು. ಹಾಗಂತ ನಮ್ಮಲ್ಲಿ ದ್ವಂದ್ವ ಇರಲಿಲ್ಲ ಅಂತಲ್ಲ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ: ಅಲ್ಲಿ ದ್ವಂದ್ವಕ್ಕೆ ಇಳಿದವರಿಗೆ ಭಾರೀ ಮರ್ಯಾದೆ, ಸತ್ತವನ ಆಸ್ತಿ ಗೆದ್ದವನಿಗೆ, ಆದರೆ ಮೊದಲು ಮಂತ್ರಿಯ ಅಪ್ಪಣೆ ಪಡೆಯಬೇಕು, ಕೇಳಿದರೆ ಕೂಡಲೇ ಕೊಡುತ್ತಾನೆ. ಫ್ರಾನ್ಸಿನಲ್ಲಿ 1627ರಲ್ಲಿ ಬೂತ್‌ವಿಲ್ ಅನ್ನೋ ಶ್ರೀಮಂತ ಪ್ಯಾರಿಸ್ಸಿನ ಚೌಕದಲ್ಲಿ ಹಾಡಹಗಲೇ ದ್ವಂದ್ವ ಆಡಿದ್ದಕ್ಕೆ ತಲೆ ಕಳೆದುಕೊಂಡ. ಹಂಪಿಯಲ್ಲಾಗಿದ್ದರೆ ಒಂದು ಅರ್ಜಿಯಲ್ಲಿ ಮುಗಿಯುತ್ತಿತ್ತು.

ಅಲಗು ಕೂರಿಸಿದೆ. ಅದರ ಬಾಲ ಬಳೆಗಳ ಬುಡದಲ್ಲಿರುವ ಕಂಡಿಯಲ್ಲಿ ತೂರಿ, ತಂತಿ ಸುತ್ತಿದ ಮರದೊಳಗೆ ಹಾದು, ಹಿಂದಿನ ಕಬ್ಬಿಣದ ಗುಂಡಿನಾಚೆ ಎರಡು ಮಿಲಿಮೀಟರ್ ಇಣುಕಿತು. ಆ ಇಣುಕಿದ್ದನ್ನು ಕಾಯಿಸಿ ಮೆಲ್ಲಗೆ ಬಡಿದು ರಿವೆಟ್ಟಿನ ಹಾಗೆ ಹರಡಿದರೆ ಮುಗಿಯಿತು. ಅಷ್ಟೇ ಕೊಂಡಿ. ಎತ್ತಿ ಮೊಳೆಯ ಕಡೆ ಹಿಡಿದೆ. ಮೊನೆ ಬಂದು ಕೂತಿತು. ಗುಂಡು ಸ್ವಲ್ಪ ಭಾರವಾಗಿದೆ, ಇನ್ನೊಂದಿಪ್ಪತ್ತು ಗ್ರಾಂ ಅರ ಹಾಕಬೇಕಿತ್ತು. ಹಾಗೇ ಬಿಟ್ಟೆ.

ಮುರಿದ ಅಲಗಿನ ಬುಡದ ತುಂಡನ್ನು ಮನೆಗೆ ತಂದಿದ್ದೆ. ಒಂದು ಗೇಣು ಉದ್ದ, ಬನ್ಸಿ ರವೆ ಸಮೇತ. ಆ ರವೆಯನ್ನು ಮತ್ತೆ ಮೈದಾ ಮಾಡಬಹುದು ಅಂತ ಅವರೇ ಹೇಳಿಕೊಟ್ಟರು. ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲ ಹಿಂದಿನದಕ್ಕಿಂತ ಸ್ವಲ್ಪ ಕಮ್ಮಿ, ಗಾಳಿಯಲ್ಲಿ ತಣಿಯಲು ಬಿಡಬೇಕು. ಬಿಟ್ಟೆ. ಆಮೇಲೆ ಬಡಿದು ಅಗಲ ಮಾಡಿದೆ, ಬಿಲ್ಲಿನ ಹಾಗೆ ಬಗ್ಗಿಸಿದೆ. ಈ ಸಲ ಎಣ್ಣೆಗೆ ಇಳಿಸುವಾಗ ಮೊನೆಗೆ ಅಂತ ಕಾಯಲಿಲ್ಲ. ಸದ್ದು ಬರಲಿಲ್ಲ. ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟೆ. ಮನೆಯೆಲ್ಲ ಎಣ್ಣೆ ಕಮಟು ವಾಸನೆ, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ತೆಗೆದಾಗ ಒಣಹುಲ್ಲಿನ ಬಣ್ಣ ಬಂದಿತ್ತು. ಒಂದು ಬೀಚ್ ಮರದ ಹಲಗೆಗೆ ಜಡಿದೆ.

ಈಳಿಗೆಮಣೆ. ಅದಕ್ಕೆ ಹಿಡಿಯೇ ಇಲ್ಲ ನೋಡಿ. ಅಲಗು ನಿಂತಲ್ಲೇ ನಿಂತಿರುತ್ತದೆ, ಒಂದು ಕಾಲು ಮಣೆಯನ್ನು ಒತ್ತಿ ಹಿಡಿದಿರುತ್ತದೆ, ಎರಡೂ ಕೈಯಲ್ಲಿ ತರಕಾರಿ. ಹೆಂಡತಿ ಅಡಿಗೆಮನೆ ನೆಲದ ಮೇಲೆ ಕೂತು ಒಂದು ಕಟ್ಟು ಸೊಪ್ಪು ಹೆಚ್ಚಿದಳು. ಅಂಚನ್ನು ಉಗುರಿನ ಮೇಲೆ ಆನಿಸಿ ನೋಡಿದಳು.

"ರೀ, ಮೊನೆ ಹತ್ರ ಸ್ವಲ್ಪ ಮೊಂಡು" ಅಂದಳು. "ಮುಂದಿನ ಶನಿವಾರ ಸಾಣೆ ಹಿಡಿಸ್ಕೊಂಡು ಬನ್ನಿ."